ನೇತ್ರಾಣಿಯ ಕೆಂಪು ಮೀನು

ಶುಕ್ರವಾರ ಸಂಜೆ ಬನಶಂಕರಿಯಿಂದ ಹೊರಟಾಗ ನನ್ನ ಬ್ಯಾಗಿನಲ್ಲಿ ಬಾಡಿಗೆಗೆ ತಂದ ಕ್ಯಾಮೆರಾ, ಟಾರ್ಚ್, ಒಂದು ಬಿಳಿ ಬಟ್ಟೆಯ ತುಂಡು ಇದ್ದವು. ತಲೆಯ ತುಂಬ ಅಣ್ಣನ ಮೇಲಿನ ಸಿಟ್ಟಿತ್ತು. ನನ್ನ ವಯಸ್ಸಿನ ಹೆಂಗಸು ಮುರುಡೇಶ್ವರಕ್ಕೆ ಹೊರಟರೆ ದೇವರ ದರ್ಶನಕ್ಕೇ ಎಂದು ಜನ ತಿಳಿಯುತ್ತಾರೆ. ಬಸ್ಸಿನ ಕಂಡಕ್ಟರ್ ಕೂಡ "ಪೂಜೆ ಮಾಡ್ಸೋಕಾ ಅಮ್ಮ?" ಎಂದು ಕೇಳಿದ.

"ಇಲ್ಲಪ್ಪ, ಸಮುದ್ರದ ತಳಕ್ಕೆ ಹೋಗ್ಬೇಕು," ಎಂದೆ. ಮುರುಡೇಶ್ವರ ಬರುವವರೆಗೂ ಅವನು ನನ್ನ ತಂಟೆಗೆ ಬರಲಿಲ್ಲ.

ಜಯನಗರದಲ್ಲಿ ನಮ್ಮದು ಬ್ಲೌಸ್ ಪೀಸಿನ ಮ್ಯಾಚಿಂಗ್ ಅಂಗಡಿ. ಅಪ್ಪನ ಕಾಲದಿಂದ ಗಲ್ಲಾ ಅಣ್ಣನದು, ಬಣ್ಣ ನನ್ನದು. ಟ್ಯೂಬ್‌ಲೈಟನ್ನು ನಂಬದೆ, ಸೀರೆಯನ್ನೂ ಬಟ್ಟೆಯನ್ನೂ ಫುಟ್‌ಪಾತಿನ ಬಿಸಿಲಿಗೆ ಒಯ್ದು ನೋಡಿಯೇ ಕತ್ತರಿ ಹಾಕುವುದು ನಮ್ಮ ಪದ್ಧತಿ. ಕಳೆದ ವರ್ಷ ನಾನು ಡೈವಿಂಗ್ ಕಲಿತು ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದು ಬಂದೆ. ಟಾರ್ಚ್ ಬಿಟ್ಟಾಗ ಕುಂಕುಮದಷ್ಟು ಕೆಂಪು ಮೀನು ಕಂಡೆ ಎಂದು ಮನೆಯಲ್ಲಿ ಹೇಳಿದೆ. ಆದರೆ ಯಾರೋ ದೂರದಿಂದ ತೆಗೆದುಕೊಟ್ಟ ವಿಡಿಯೋದಲ್ಲಿ ಅದೇ ಮೀನು ಬೂದಿ ಬಣ್ಣಕ್ಕಿತ್ತು. ಅಣ್ಣ ಅದನ್ನು ಗಿರಾಕಿಗಳಿಗೂ ತೋರಿಸಿ ನಕ್ಕ.

"ನಿನ್ನ ಕಣ್ಣು ಹೋಗಿದೆ ಕಣೇ. ಇನ್ಮೇಲೆ ಕೌಂಟರ್ ಬೇಡ, ಬಟ್ಟೆ ಮಡಿಸೋ ಕೆಲ್ಸ ನೋಡ್ಕೋ," ಎಂದ.

ಆಯುಷ್ಯದ ಅರ್ಧಭಾಗ ಮಾಡಿದ ಕೆಲಸ ಒಂದು ಮೀನಿನ ದೆಸೆಯಿಂದ ಹೋಗಬೇಕೆಂದರೆ ನಾನು ಒಪ್ಪುವವಳಲ್ಲ. ಆ ಕೆಂಪನ್ನು ಇದ್ದ ಹಾಗೇ ಹಿಡಿದು ತಂದು ಅವನ ಮುಂದಿಡಬೇಕೆಂದೇ ಈ ಪ್ರಯಾಣ.

ಶನಿವಾರ ಬೆಳಿಗ್ಗೆ ಮುರುಡೇಶ್ವರದಲ್ಲಿ ಬಿಸಿ ಬನ್ಸ್ ತಿಂದು ಚಹಾ ಕುಡಿದೆ. ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಬೋಟಿನವರು ತೆಂಗಿನಕಾಯಿ ಒಡೆದು ಹೊರಟರು. ದ್ವೀಪಕ್ಕೆ ಸುಮಾರು ಒಂದೂವರೆ ಗಂಟೆಯ ದಾರಿ. ನಮ್ಮನ್ನು ನೀರಿಗಿಳಿಸುವ ತರಬೇತುದಾರ ನಿಖಿಲ್ ನಮ್ಮ ಬೆಂಗಳೂರಿನ ಸುದ್ದಗುಂಟೆಪಾಳ್ಯದವನೇ. ಆಳಕ್ಕೆ ಹೋದಂತೆ ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನೇ ನುಂಗುತ್ತದೆ, ಅದಕ್ಕೇ ಹತ್ತಿರದಿಂದ ಟಾರ್ಚ್ ಬಿಡಬೇಕು, ಆ ಬೆಳಕಿನಲ್ಲಿ ಒಂದು ಬಿಳಿ ವಸ್ತು ತೋರಿಸಿ ಇದೇ ಬಿಳಿ ಎಂದು ಕ್ಯಾಮೆರಾಗೆ ಕಲಿಸಬೇಕು ಎಂದು ವಿವರಿಸಿದ. ಫೋನಿನಲ್ಲಿ ಅವನು ಇದನ್ನು ಮೊದಲೇ ಹೇಳಿದ್ದರಿಂದ ನಾನು ಮನೆಯಿಂದ ಬಟ್ಟೆ ತಂದಿದ್ದೆ.

ಮೊದಲ ಸಲ ಇಳಿದಾಗ ಒಂದು ಬಂಡೆಯ ಸಂದಿಯಲ್ಲಿ ಮೀನು ಸಿಕ್ಕಿತು, ಬಟ್ಟೆ ತೋರಿಸಿ ವಿಡಿಯೋ ತೆಗೆದೆ. ಮೇಲೆ ಬಂದು ನೋಡಿದರೆ ವಿಡಿಯೋದಲ್ಲಿ ಅದು ಜಹಾಂಗೀರಿನ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಕಂಡ ನನ್ನ ಅಂಗೈಗೂ ಅರಿಶಿನ ಬಳಿದಂತಿತ್ತು. ನನಗೆ ಅಳುವೇ ಬಂತು.

"ಬಿಡಿ ಆಂಟಿ, ಎಡಿಟಿಂಗಲ್ಲಿ ಕೆಂಪು ಏರಿಸ್ಕೊಡ್ತೀನಿ. ಸಖತ್ತಾಗಿ ಬರತ್ತೆ," ಎಂದ ನಿಖಿಲ್.

"ಸಖತ್ತಾಗಿ ಬೇಡಪ್ಪ, ಸರಿಯಾಗಿ ಬೇಕು."

ಕೈಯಲ್ಲಿದ್ದ ಬಟ್ಟೆಯನ್ನು ಅಭ್ಯಾಸಬಲದಿಂದ ಬಿಸಿಲಿಗೆ ಹಿಡಿದೆ. ಬೋಟಿನ ಮುಂಭಾಗದಲ್ಲಿ ಒಡೆದಿಟ್ಟ ಕಾಯಿಯ ಪಕ್ಕದಲ್ಲಿ ಅದು ತಿಳಿನೀಲಿಯಾಗಿ ಕಂಡಿತು. ಬೆಳ್ಳಗೆ ಕಾಣಲೆಂದು ಬಿಳಿ ಬಟ್ಟೆಯನ್ನೆಲ್ಲ ನೀಲಿಯಲ್ಲಿ ಅದ್ದಿ ಒಣಹಾಕುವ ಮನೆ ನಮ್ಮದು. ಆ ನೀಲಿಯನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾ ಮಿಕ್ಕಿದ್ದಕ್ಕೆಲ್ಲ ಹಳದಿ ಬಳಿದಿತ್ತು. ತಪ್ಪು ಬಟ್ಟೆಯದು, ನನ್ನ ಕಣ್ಣಿನದಲ್ಲ. ಬೋಟಿನವರನ್ನು ಕೇಳಿ ಕಾಯಿಯ ಒಂದು ಹೋಳು ತೆಗೆದುಕೊಂಡೆ.

"ಕಾಯಿ ಹಿಡ್ಕೊಂಡು ಡೈವ್ ಮಾಡೋರನ್ನ ನಾನೆಲ್ಲೂ ನೋಡಿಲ್ಲ ಆಂಟಿ."

"ಈಗ ನೋಡು."

ಹನ್ನೆರಡು ಮೀಟರ್ ಆಳದಲ್ಲಿ, ಅದೇ ಬಂಡೆಯ ಸಂದಿಯಲ್ಲಿ, ದೊಡ್ಡ ಕಣ್ಣಿನ ಆ ಮೀನು ಬೂದಿ ಬಣ್ಣದಲ್ಲಿ ನಿಂತಿತ್ತು. ಟಾರ್ಚ್ ಹೊತ್ತಿಸಿ, ಕಾಯಿಯನ್ನು ಹಿಡಿದು ಕ್ಯಾಮೆರಾಗೆ ಬಿಳಿ ಕಲಿಸಿದೆ. ಆಮೇಲೆ ವಿಡಿಯೋ ಶುರುಮಾಡಿ ಮೊದಲು ಕಾಯಿ, ನಂತರ ನನ್ನ ಅಂಗೈ, ಕೊನೆಗೆ ಮೀನು, ಎಲ್ಲವನ್ನೂ ಎಲ್ಲೂ ನಿಲ್ಲಿಸದೆ ತೆಗೆದೆ. ಬೆಳಕು ಬಿದ್ದೊಡನೆ ಮೀನು ಕೆಂಪಾಯಿತು. ಕಳೆದ ವರ್ಷ ನೋಡಿದ ಅದೇ ಕೆಂಪು. ನೀರೊಳಗೆ ನಗಬಾರದೆಂದು ಹೇಳಿಕೊಟ್ಟಿದ್ದರೂ ನಕ್ಕುಬಿಟ್ಟೆ. ಬಾಯಿಗೆ ಉಪ್ಪುನೀರು ನುಗ್ಗಿತು.

ಭಾನುವಾರ ಹಿಂದಿರುಗುವ ಬಸ್ಸಿನಲ್ಲಿ, ಫೋನಿಗೆ ಹಾಕಿಕೊಂಡ ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಸೋಮವಾರ ಅಂಗಡಿಯ ಬಾಗಿಲು ತೆರೆಯುತ್ತಿದ್ದಂತೆ ಅಣ್ಣನ ಕೈಗೆ ಫೋನ್ ಕೊಟ್ಟೆ. ಅವನು ಕನ್ನಡಕ ಏರಿಸಿಕೊಂಡು ನೋಡಿದ.

"ಯಾರ ಹತ್ರಾನೋ ಕೆಂಪು ಏರಿಸ್ಕೊಂಡು ಬಂದಿದ್ದೀಯ," ಎಂದ.

"ಕೆಂಪು ಏರಿಸಿದ್ರೆ ಕಾಯೀನೂ ಕೆಂಪಾಗ್ತಿತ್ತಲ್ವಾ ಅಣ್ಣ? ಕಾಯಿ ನೋಡು. ನನ್ನ ಕೈ ನೋಡು. ಆಮೇಲೆ ಮೀನು ನೋಡು."

ಮತ್ತೆ ನೋಡಿದ. ಇನ್ನೊಮ್ಮೆ ನೋಡಿದ. ಫೋನ್ ಹಿಂದಕ್ಕೆ ಕೊಟ್ಟ. ಅಷ್ಟರಲ್ಲಿ ಒಬ್ಬರು ಸೀರೆ ಹಿಡಿದು ಒಳಗೆ ಬಂದರು. ನನ್ನ ಕಣ್ಣು ಸರಿಯಿದೆ ಎಂದು ಅಣ್ಣ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ನಾನು ಅವನ ಒಪ್ಪಿಗೆಗೆ ಕಾಯಲೂ ಇಲ್ಲ. ಮಡಿಸಲಿಕ್ಕೆಂದು ಇಟ್ಟಿದ್ದ ಬಟ್ಟೆಯ ರಾಶಿಯನ್ನು ಅವನ ಮುಂದೆ ಸರಿಸಿ, ಕೌಂಟರಿನ ಹಿಂದೆ ಹೋಗಿ ನಿಂತೆ.

"ಕೊಡಿ ಮೇಡಂ, ಸೀರೆ ನೋಡೋಣ," ಎಂದೆ.