ಗಂಡನ ಬದಲಿಗೆ ಮೀನು

ಬುಕಿತ್ ಮೆರ್ತಾಜಾಮ್‌ನ ಹಳೇ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿರುವ ಗ್ವಾತ್ ಈನ್‌ಳ ಕಾಫಿ ಅಂಗಡಿಗೆ ಯಾರೇ ಬರಲಿ, ಕುರ್ಚಿ ಎಳೆದುಕೊಳ್ಳುವ ಮೊದಲು ಮೀನಿಗೊಮ್ಮೆ ಮುಖ ತೋರಿಸಿಯೇ ಕೂರುತ್ತಾರೆ. ಗಲ್ಲಾದ ಪಕ್ಕದಲ್ಲೇ ಆಳುದ್ದದ ಗಾಜಿನ ತೊಟ್ಟಿ, ಅದರೊಳಗೆ ಮೊಳಕ್ಕಿಂತ ಉದ್ದದ ಕೆಂಪು ಅರೋವಾನ ಮೀನು. ಹೆಸರು ಆಂಗ್. ಗದ್ದದಲ್ಲಿ ಎರಡು ಮೀಸೆ, ಮೈತುಂಬ ನಾಣ್ಯದಗಲದ ಹುರುಪೆ, ಮೈ ತಿರುಗಿಸುವುದರಲ್ಲಿ ಊರ ಗೌಡನ ಗತ್ತು. ಬೆರಳುದ್ದ ಇದ್ದಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದವನು ಅವಳ ಗಂಡ ತೇಕ್ ಸೆಂಗ್. ದಿನಾ ಬೆಳಿಗ್ಗೆ ಅವನು ಸಿಗಡಿಯ ಬಾಲ ಹಿಡಿದು ನೀರಿನ ಮೇಲೆ ಆಡಿಸುತ್ತಾನೆ, ಆಂಗ್ ನೆಗೆದು ಕಚ್ಚಿಕೊಳ್ಳುತ್ತದೆ, ಹತ್ತಿರ ಕೂತವರ ಕಾಫಿಗೆ ನೀರು ಸಿಡಿಯುತ್ತದೆ. ಅದಕ್ಕೆ ಇವತ್ತಿನವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಆ ತೇಕ್ ಸೆಂಗ್ ಈಗ ಸಮುದ್ರದಾಚೆ ಪೆನಾಂಗ್‌ನ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದ. ಹೃದಯದ ಆಪರೇಷನ್ ಆಗಬೇಕಿತ್ತು. ಜ್ವರ ಇಳಿಯದೆ ಡಾಕ್ಟರು ಮುಂದಕ್ಕೆ ಹಾಕುತ್ತಲೇ ಇದ್ದರು. ಮಗಳು ಆಸ್ಪತ್ರೆಯಲ್ಲಿ ಕಾವಲು, ಅಂಗಡಿಯಲ್ಲಿ ಗ್ವಾತ್ ಈನ್. ಅಳಿಯ ಚೀ ವಾಯ್‌ಗೆ ಮಾತ್ರ ಎಲ್ಲೂ ಕೆಲಸವಿರಲಿಲ್ಲ. ಪೆರಾಯ್‌ನ ಫ್ಯಾಕ್ಟರಿಯಲ್ಲಿ ಮಷಿನ್ ರಿಪೇರಿ ಮಾಡುವ ಹುಡುಗ. ಮಾವನ ಎದೆಯೊಳಗಿನ ಮಷಿನ್ನಿಗೆ ಕೈ ಹಾಕುವ ಹಾಗಿಲ್ಲವಲ್ಲ, ಅದಕ್ಕೆ ಮಾವನ ಮೀನಿನ ತೊಟ್ಟಿಗೆ ಕೈ ಹಾಕಿದ. ಒಂದು ಭಾನುವಾರ ಪೂರ್ತಿ ಕೂತು ಹಳೇ ಫಿಲ್ಟರ್ ಕಿತ್ತು ಎರಡರಷ್ಟು ದೊಡ್ಡ ಹೊಸ ಫಿಲ್ಟರ್ ಜೋಡಿಸಿದ, ಲೈಟ್ ಬದಲಾಯಿಸಿದ, ನೀರು ಬಿಸಿಯಿಡುವ ಹೀಟರ್ ಕೂಡ ಹೊಸದು. ತೊಟ್ಟಿ ಒಡವೆ ಅಂಗಡಿಯ ಕಪಾಟಿನ ಹಾಗೆ ಫಳಫಳ ಅಂದಿತು.

"ಅಪ್ಪ ವಾಪಸ್ ಬಂದಾಗ ಕಣ್ಣರಳಿಸಿ ನೋಡ್ಬೇಕು ಮಾ," ಎಂದ. ಗ್ವಾತ್ ಈನ್ ಅವನಿಗೆ ಎರಡು ಮೊಟ್ಟೆ ಜಾಸ್ತಿ ಬೇಯಿಸಿ ಕೊಟ್ಟಳು.

ಬುಧವಾರ ಬೆಳಿಗ್ಗೆ ಶಟರ್ ಎತ್ತಿದರೆ ಆಂಗ್ ನೀರಿನ ಮೇಲಕ್ಕೆ ಬಾಯಿಯಿಟ್ಟು ಗಾಳಿ ನುಂಗುತ್ತಿತ್ತು. ಕಿವಿರಿನ ಮುಚ್ಚಳಗಳು ಒಣಗಿದ ಎಲೆಯ ಅಂಚಿನಂತೆ ಹೊರಕ್ಕೆ ಮಡಚಿಕೊಂಡಿದ್ದವು. ರೆಕ್ಕೆಗಳು ಮೈಗಂಟಿದ್ದವು, ಬಾಲದ ಬುಡದಲ್ಲಿ ರಕ್ತದ ಗೆರೆ ಎಳೆದಿತ್ತು. ಸಿಗಡಿ ಹಿಡಿದಳು. ಹತ್ತಿರ ಬಂತು, ಮೂಸಿತು, ಮುಖ ತಿರುಗಿಸಿತು. ಅವಳ ಕೈ ನೀರಿನ ಮೇಲೇ ಉಳಿಯಿತು.

ತೊಟ್ಟಿಯ ಪಕ್ಕದ ಮೇಜು ಖೂ ಪೇಕ್‌ನದು. ಬಸ್ ಓಡಿಸಿ ರಿಟೈರ್ ಆದ ಮುದುಕ, ಬೀದಿಗೆಲ್ಲ ಪೇಕ್, ಅಂದರೆ ದೊಡ್ಡಪ್ಪ, ಬಾಗಿಲು ತೆಗೆಯುವಾಗ ಬಂದರೆ ಬಿಸಿಲು ನೆತ್ತಿಗೆ ಬಂದ ಮೇಲೇ ಏಳುವುದು. ಅವನು ಕನ್ನಡಕ ಏರಿಸಿ ಮೀನನ್ನು ನೋಡಿದ, ಅವಳನ್ನು ನೋಡಿದ, ಬಟ್ಟಲು ಕೆಳಗಿಟ್ಟ.

"ಈನ್, ಅಳ್ಬೇಡ. ಕೈ ಮುಗಿ."

"ಯಾಕೆ ಪೇಕ್?"

"ನಿನ್ ಗಂಡನ ಮೇಲೆ ಬರೋದನ್ನ ಆಂಗ್ ತನ್ ಮೈಮೇಲೆ ಹಾಕ್ಕೊಳ್ತಾ ಇದಾನೆ. ಇಷ್ಟ್ ವರ್ಷ ಕೈಯಾರೆ ತಿನ್ಸಿದಾನಲ್ಲ, ಆ ಋಣ. ನಮ್ಮಣ್ಣಂದು ನೆನಪಿಲ್ವಾ? ಬೆಳಿಗ್ಗೆ ಅವ್ನ ಮೀನು ಸತ್ತೋಯ್ತು. ಮಧ್ಯಾಹ್ನ ಲಾರಿ ಬಂದು ಸ್ಕೂಟರ್ನ ಹಪ್ಪಳ ಮಾಡ್ತು. ಅವ್ನಿಗೆ ಮಂಡಿ ತರಚಿದ್ದು ಬಿಟ್ರೆ ಏನೂ ಇಲ್ಲ."

ಆ ಬೀದಿಯಲ್ಲಿ ಹುಟ್ಟಿದವರಿಗೆ ಇದು ಹೊಸ ಮಾತಲ್ಲ. ಮನೆಯಲ್ಲಿ ಅರೋವಾನ ಸಾಕುವವರು ಅರ್ಧ ಅದರ ಚೆಂದಕ್ಕೆ, ಅರ್ಧ ಇದಕ್ಕೇ ಸಾಕುವುದು. ಆದರೂ ಗ್ವಾತ್ ಈನ್ ಕೈ ಮುಗಿಯಲಿಲ್ಲ, ಸಿಗಡಿಯನ್ನು ತಟ್ಟೆಗೆ ಹಾಕಿ ಒಲೆಯ ಕಡೆಗೆ ಹೋದಳು. ಸಂಜೆ ಮಗಳ ಫೋನ್ ಬಂತು. ಅಪ್ಪನ ಜ್ವರ ಬಿಟ್ಟಿದೆ, ಆಪರೇಷನ್ ಸೋಮವಾರಕ್ಕೆ ಗಟ್ಟಿ ಆಯಿತು.

ಫೋನ್ ಇಟ್ಟವಳು ಸೀದಾ ಹೋಗಿ ತೊಟ್ಟಿಯ ಮುಂದೆ ಮೂರು ಊದಿನಕಡ್ಡಿ ಹಚ್ಚಿಟ್ಟಳು.

ಮಾರನೇ ದಿನದಿಂದ ಅಂಗಡಿಯ ಗಾಳಿಯೇ ಬದಲಾಯಿತು. ಬಂದವರೆಲ್ಲ ತೊಟ್ಟಿಯ ಮುಂದೆ ತಲೆ ತಗ್ಗಿಸಿ ಹೋಗುವವರೇ. "ಇಂಥ ಮೀನು ಸಿಗೋದಕ್ಕೆ ಪುಣ್ಯ ಮಾಡಿರ್ಬೇಕು," ಎಂದು ಯಾರೋ ಹೇಳಿದರು, ಇನ್ಯಾರೋ ಕಿತ್ತಳೆಹಣ್ಣು ತಂದಿಟ್ಟರು. ಗ್ವಾತ್ ಈನ್‌ಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಆಡಿತು. ಗಂಡ ಉಳಿಯುತ್ತಾನೆ. ಬೆಲೆ ಇಂತಿಷ್ಟು ಎಂದು ಗೊತ್ತಾಗಿದೆ, ಅದನ್ನು ಬೇರೆ ಯಾರೋ ಕೊಡುತ್ತಿದ್ದಾರೆ.

ಅಂಗಡಿಯ ಬಾಯಲ್ಲೇ ಮೇಜು ಹಾಕಿಕೊಂಡು ನಾಸಿ ಲೆಮಾಕ್ ಪೊಟ್ಟಣ ಮಾರುವ ಕಾಕ್ ರೋಕ್ಯಾ, ಅಂದರೆ ರೋಕ್ಯಾ ಅಕ್ಕ, ಇದನ್ನೆಲ್ಲ ನೋಡುತ್ತಲೇ ಇದ್ದಳು. ಅವಳ ತೆಂಗಿನಹಾಲಿನ ಅನ್ನಕ್ಕೆ ಇವಳ ಕಾಫಿ, ಇವಳ ಕಾಫಿಗೆ ಅವಳ ಅನ್ನ ಎಂದು ಎಷ್ಟೋ ವರ್ಷದ ಜೋಡಿ.

"ಈನ್, ಅದಕ್ಕೇನಾಗಿದೆ ಅಂತ ಯಾರನ್ನಾದ್ರೂ ಕೇಳಿದ್ಯಾ?"

"ಕೇಳೋದೇನ್ ಬಂತು ಕಾಕ್? ಗೊತ್ತೇ ಇದೆಯಲ್ಲ."

"ನಿಮ್ ಪೇಕ್‌ಗೆ ಗೊತ್ತು. ಮೀನಿಗೆ ಗೊತ್ತಾ?"

ಗ್ವಾತ್ ಈನ್ ಕಾಫಿ ಬಟ್ಟಲುಗಳನ್ನು ಜೋಡಿಸತೊಡಗಿದಳು.

"ನಿಮ್ ದೇವ್ರ ವಿಷ್ಯಕ್ಕೆ ನಾನ್ ಬಾಯ್ ಹಾಕಲ್ಲಮ್ಮ," ಎಂದಳು ರೋಕ್ಯಾ, ಬಾಳೆಯೆಲೆ ಒರೆಸುತ್ತ. "ಆದ್ರೆ ನೀನ್ ಹೋದ್ ಕಡೆಗೆಲ್ಲ ಅದು ತಿರುಗ್ತಾ ಇದೆ. ನೀನ್ ಮಾತ್ರ ಆ ಕಡೆ ನೋಡ್ತಿಲ್ಲ. ಬಟ್ಟಲೆಲ್ಲ ಈ ಕಡೆಗೆ ತಂದಿಟ್ಕೊಂಡಿದೀಯ, ನಾನೇನ್ ಕುರುಡೀನಾ?"

ನಿಜವೇ. ತೊಟ್ಟಿಯ ಮಗ್ಗುಲಲ್ಲಿದ್ದ ಬಟ್ಟಲು, ಚಮಚ, ಗಟ್ಟಿಹಾಲಿನ ಡಬ್ಬ ಎಲ್ಲವೂ ಹೇಗೋ ಬಾಗಿಲ ಕಡೆಗೆ ಸರಿದಿದ್ದವು. ಸರಿಸಿದವಳು ಅವಳೇ. ಸರಿಸುವಾಗ ಯಾಕೆಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

ಶನಿವಾರ ಚೀ ವಾಯ್ ಟೂಲ್ಸ್ ಚೀಲ ಹೊತ್ತುಕೊಂಡೇ ಬಂದ. ಹೆಂಡತಿಯಿಂದ ಸುದ್ದಿ ಕೇಳಿದಾಗಿನಿಂದ ಅವನಿಗೆ ಅನ್ನ ರುಚಿಸಿರಲಿಲ್ಲ. ಮೊದಲು ನೀರಿಗೆ ಟೆಸ್ಟರ್ ಇಟ್ಟು ನೋಡಿದ.

"ಕರೆಂಟ್ ಸೋರ್ತಿಲ್ಲ ಮಾ."

ಹೀಟರ್ ತೆಗೆದ, ನೀರಿನ ಬಿಸಿ ನೋಡಿದ, ಸರಿಯಿತ್ತು. ಹೊಸ ಲೈಟ್ ಆರಿಸಿ ಕಾದ, ಮೀನು ಹಾಗೇ ಇತ್ತು. ಪಂಪಿನ ಪೈಪು ಬಿಚ್ಚಿ ಮೂಸಿದ.

"ಎಲ್ಲಾ ಸರಿ ಇದ್ಮೇಲೆ ಬಿಡು," ಎಂದಳು ಗ್ವಾತ್ ಈನ್.

"ಬಿಡಕ್ಕಾಗಲ್ಲ ಮಾ. ಭಾನುವಾರದ ತನಕ ಆನೆ ಥರ ಇದ್ದ. ಭಾನುವಾರ ಕೈ ಹಾಕಿದ್ದು ನಾನು. ನಾನೇ ಏನೋ ಎಡವಟ್ ಮಾಡಿದೀನಿ."

"ನೀನೇನೂ ಮಾಡಿಲ್ಲ. ಇದೆಲ್ಲ ಮೇಲಿಂದ ಆಗಿರೋದು."

ಅಳಿಯನ ಮೇಲಿನ ಕನಿಕರಕ್ಕೆ ಹೀಗೆ ಹೇಳಿದೆ ಎಂದು ಅವಳು ಅಂದುಕೊಂಡಳು. ಆದರೆ ಒಳಗೆ ಬೇರೆಯೇ ಇತ್ತು. ಕಾರಣ ಸಿಗುವುದು ಅವಳಿಗೆ ಬೇಕಿರಲಿಲ್ಲ. ಕಾರಣ ಗೊತ್ತಿಲ್ಲದಷ್ಟು ಹೊತ್ತು ಆಂಗ್ ತೇಕ್ ಸೆಂಗ್‌ನ ಬದಲಿಗೆ ನಿಂತ ಮೀನು. ಒಂದು ತಂತಿಯೋ ಪೈಪೋ ತಪ್ಪಾಗಿದೆ ಎಂದು ಗೊತ್ತಾದ ಗಳಿಗೆಗೆ ಅದು ಬರೀ ಕಾಯಿಲೆ ಬಿದ್ದ ಮೀನು. ಆಗ ಸೋಮವಾರ ಆಪರೇಷನ್ನಿನ ಬಿಳೀ ದೀಪದ ಕೆಳಗೆ ತೇಕ್ ಸೆಂಗ್ ಒಬ್ಬನೇ ಮಲಗಬೇಕು.

ಚೀ ವಾಯ್ ಅಷ್ಟರಲ್ಲಿ ಮೀನಿನಂಗಡಿಯ ಸ್ವೀ ಹೊಕ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದ. ಆಂಗ್‌ನನ್ನು ತೇಕ್ ಸೆಂಗ್‌ಗೆ ಮಾರಿದವನು ಅವನೇ.

"ಹಳೇ ಫಿಲ್ಟರ್ ಒಳಗಿನ ಸ್ಪಂಜು ಎಲ್ಲಯ್ಯ?" ಎಂದು ಕೇಳಿದ ಸ್ವೀ ಹೊಕ್.

"ಬಿಸಾಕ್ದೆ ಬಾಸ್. ಕರ್ರಗೆ ಕೆಸರು, ಗಬ್ಬು ನಾತ."

"ಅದ್ರಲ್ಲಿದ್ದ ಪಿಂಗಾಣಿ ಉಂಗುರಗಳು?"

"ಅವನ್ನೂ."

"ಭಲೇ. ಕಕ್ಕಸು ತೊಳೆಯೋರನ್ನೇ ಮನೆಯಿಂದ ಓಡ್ಸಿ ಮನೆ ಕ್ಲೀನಾಯ್ತು ಅಂದೆ. ಆ ಕೆಸರಲ್ಲೇ ಕಣಯ್ಯ ಕಣ್ಣಿಗೆ ಕಾಣದ ಜೀವ ಇದ್ದಿದ್ದು. ಮೀನು ಹೇತಿದ್ದು ಉಚ್ಚೆ ಹೊಯ್ದಿದ್ದು ಎಲ್ಲಾ ಅದೇ ತಿಂದು ಅರಗಿಸ್ತಾ ಇದ್ದಿದ್ದು. ನಿನ್ ಹೊಸ ಸ್ಪಂಜಲ್ಲಿ ಏನಿದೆ? ಪ್ಲಾಸ್ಟಿಕ್ಕು. ಪಾಪ, ತನ್ನ ಉಚ್ಚೇಲೇ ಉಸಿರು ಕಟ್ಕೊಂಡ್ ನಿಂತಿದಾನೆ ಅವ್ನು."

ಗ್ವಾತ್ ಈನ್‌ಳ ಕೈಯಲ್ಲಿ ಕಾಫಿ ಸೋಸುವ ಬಟ್ಟೆಯ ಚೀಲವಿತ್ತು, ಹಿಂಡುತ್ತಿದ್ದವಳು ನಿಲ್ಲಿಸಿದಳು. ಹೊಸ ಚೀಲವನ್ನು ಅವಳು ಯಾವತ್ತೂ ಸೀದಾ ಗಿರಾಕಿಗೆ ಬಳಸಿದವಳಲ್ಲ. ಹಳೇ ಕಾಫಿಚರಟದಲ್ಲಿ ಹಾಕಿ ಕುದಿಸಿ, ಆರಿಸಿ, ಮತ್ತೆ ಕುದಿಸಿ, ಅದು ಬಣ್ಣ ಕುಡಿದು ಹದಕ್ಕೆ ಬಂದ ಮೇಲೇ ಬಟ್ಟಲಿಗೆ ಇಳಿಸುವುದು. ಇಲ್ಲದಿದ್ದರೆ ಕಾಫಿಯಲ್ಲಿ ಬಟ್ಟೆಯೇ ನಾಲಿಗೆಗೆ ಸಿಗುತ್ತದೆ. ಹಳೇ ಚೀಲವನ್ನು ಸೋಪು ಹಾಕಿ ತೊಳೆದ ಸೊಸೆಯನ್ನು ಅತ್ತೆಯೊಬ್ಬಳು ತವರಿಗೆ ಅಟ್ಟಿದ ಕಥೆಯನ್ನು ಅವಳೇ ನಗುತ್ತ ಹೇಳುತ್ತಿದ್ದಳು. ಭಾನುವಾರ ಆ ಕಪ್ಪು ಸ್ಪಂಜನ್ನು ಕಸದ ಬುಟ್ಟಿಯಲ್ಲಿ ಕಣ್ಣಾರೆ ಕಂಡಿದ್ದಳು ಕೂಡ. ಆಗ ಒಂದಕ್ಕೊಂದು ತಳುಕು ಹಾಕುವ ಯೋಚನೆ ಬರಲಿಲ್ಲ. ಈಗ ಬೇಡವೆಂದರೂ ಅರ್ಥವಾಗಿಬಿಟ್ಟಿತು.

"ನನ್ ಅರೋವಾನ ತೊಟ್ಟೀದು ಒಂದು ಹಳೇ ಸ್ಪಂಜು ಕೊಡ್ತೀನಿ," ಎನ್ನುತ್ತಿದ್ದ ಸ್ವೀ ಹೊಕ್. "ಅದೇ ನೀರಲ್ಲಿ ಮುಳುಗ್ಸಿ ತಗೊಂಡೋಗು, ನಲ್ಲಿ ನೀರು ತಾಗ್ಸಿದ್ರೆ ನಿನ್ ಕೈ ಮುರೀತೀನಿ. ಮೂರರಲ್ಲೊಂದು ಪಾಲು ನೀರು ಬದಲಾಯ್ಸಿ, ಹಿಡಿದಿಟ್ಟು ಕ್ಲೋರಿನ್ ಹೋಗಿರೋ ನೀರೇ ಆಗ್ಬೇಕು. ದಿನಾ ಇಷ್ಟಿಷ್ಟೇ ಮಾಡಿ. ತಿನ್ನಕ್ಕೆ ಏನೂ ಕೊಡ್ಬೇಡಿ. ಬೇಗ ಬಾ, ಇವತ್ತು ತಪ್ಪಿದ್ರೆ ಆಮೇಲೆ ನನ್ನ ಕೇಳ್ಬೇಡ."

ಚೀ ವಾಯ್ ಕಾರಿನ ಕೀ ಕೈಗೆತ್ತಿಕೊಂಡು ಅತ್ತೆಯ ಮುಖ ನೋಡಿದ. ಖೂ ಪೇಕ್ ಕೂಡ ನೋಡಿದ.

"ಈನ್," ಎಂದ ಮುದುಕ ಮೆತ್ತಗೆ, "ನಾಳಿದ್ದು ಸೋಮವಾರ. ಆಂಗ್ ಕೆಳಗಿಳಿಸಿದ್ದು ಮತ್ತೆ ಯಾರ ಹೆಗಲಿಗೆ ಹೋಗುತ್ತೆ, ಯೋಚ್ನೆ ಮಾಡು."

"ದೇವ್ರು ಮೀನನ್ನ ತಗೊಳ್ಳೋದಾದ್ರೆ ಅದಕ್ಕೆ ಇವನು ಸ್ಪಂಜು ಬಿಸಾಕೋದ್ ಯಾಕ್ ಬೇಕಿತ್ತು ಪೇಕ್?"

"ದೇವ್ರಿಗೆ ಯಾರ್ ಕೈ ಆದ್ರೇನು?"

ಅವಳು ಗಲ್ಲಾ ಸುತ್ತಿಕೊಂಡು ತೊಟ್ಟಿಯ ಬಳಿಗೆ ಬಂದಳು. ಆಂಗ್ ಕಷ್ಟಪಟ್ಟು ತಿರುಗಿತು, ಗಾಜಿಗೆ ಮೀಸೆ ತಾಗಿಸಿ ನಿಂತಿತು, ಯಾವಾಗಲೂ ಸಿಗಡಿಗೆ ನಿಲ್ಲುವ ಹಾಗೆ. ಗಂಡನಿಗಾಗಿ ಅವಳು ಏನು ಬೇಕಾದರೂ ಕೊಟ್ಟಾಳು. ಆದರೆ ಇದು ಕೊಡುವುದಾಗಿರಲಿಲ್ಲ. ಹೀಗೆ ಹತ್ತಿರ ಬಂದವನು ಸಾಯುವುದನ್ನು ನೋಡುತ್ತ ಸುಮ್ಮನೆ ನಿಲ್ಲುವುದಾಗಿತ್ತು. ಅಷ್ಟು ಹೊತ್ತು ನಿಲ್ಲಲು ಅವಳಿಂದ ಆಗಲಿಲ್ಲ.

"ಹೋಗು," ಎಂದಳು ಚೀ ವಾಯ್‌ಗೆ. "ಸಿಗ್ನಲ್ ಹಾರಿಸ್ಬೇಡ. ಮಧ್ಯೆ ನೀನೊಬ್ಬ ಬೇರೆ ಬೀಳ್ಬೇಡ."

ಹಿತ್ತಲಲ್ಲಿ ಪಾತ್ರೆಗೆಂದು ಹಿಡಿದಿಟ್ಟ ಡ್ರಮ್ಮಿನ ನೀರಿತ್ತು. ಅವಳೂ ರೋಕ್ಯಾಳೂ ಬಕೆಟ್ಟಿನಲ್ಲಿ ಹೊತ್ತು ತಂದರು. ರೋಕ್ಯಾ ಸೆರಗಿನ ಹಾಗೆ ತಲೆವಸ್ತ್ರದ ತುದಿಯನ್ನು ಭುಜಕ್ಕೆ ಎಸೆದುಕೊಂಡು, "ನಿನ್ ಗಂಡಂಗೂ ಇಷ್ಟ್ ನೀರ್ ಹೊತ್ತಿದ್ಯಾ?" ಎಂದು ಕೇಳಿದಳು. ಗ್ವಾತ್ ಈನ್‌ಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಖೂ ಪೇಕ್ ಎದ್ದು ಹೋದ. ಅರ್ಧ ಕಾಫಿ ಹಾಗೇ ಬಿಟ್ಟಿದ್ದ.

ಸೋಮವಾರ ಅವಳು ಅಂಗಡಿ ಮುಚ್ಚಿ ದೋಣಿಯಲ್ಲಿ ಸಮುದ್ರ ದಾಟಿ ಆಸ್ಪತ್ರೆಗೆ ಹೋದಾಗ ಆಂಗ್ ಇನ್ನೂ ನೀರಿನ ಮೇಲಕ್ಕೇ ಬಾಯಿಯಿಟ್ಟಿತ್ತು. ರೆಕ್ಕೆ ಸ್ವಲ್ಪ ಬಿಚ್ಚಿದಂತೆ ಕಂಡಿತ್ತು, ಅದು ಅವಳ ಆಸೆಯೂ ಇರಬಹುದು. ತೇಕ್ ಸೆಂಗ್‌ಗೆ ಹಸಿರು ಅಂಗಿ ತೊಡಿಸಿದ್ದರು.

"ತಿಂತಾ ಇದಾನಾ ಅವ್ನು?" ಇದೇ ಅವನ ಮೊದಲ ಮಾತು.

ಸುಳ್ಳು ಹೇಳೋಣವೆಂದೇ ಬಂದಿದ್ದಳು. ನಾಲಿಗೆ ತಿರುಗಲಿಲ್ಲ. "ಕಾಯಿಲೆ ಬಿದ್ದಿದ್ದ. ನಿನ್ ಬದಲಿಗೆ ತಗೊಳ್ತಾ ಇದಾನೆ ಅಂದ್ರು ಎಲ್ರೂ. ಮೂರು ದಿನ ನಾನೂ ಸುಮ್ನಿದ್ದೆ. ಆಮೇಲೆ ತಡೀಲಿಲ್ಲ, ಔಷಧಿ ಮಾಡ್ಸಿದೆ. ತಪ್ಪಾಗಿದ್ರೆ ಈಗ್ಲೇ ಬೈದ್ಬಿಡು."

ಅವನು ಹುಬ್ಬು ಗಂಟಿಕ್ಕಿದ. "ಏನಾಗಿತ್ತು ಅವ್ನಿಗೆ?"

"ಚೀ ವಾಯ್ ಹೊಸ ಫಿಲ್ಟರ್ ಹಾಕ್ದ. ಹಳೇ ಸ್ಪಂಜು ಬಿಸಾಕ್ದ."

"ಬಿಸಾಕ್ದನಾ?" ತೇಕ್ ಸೆಂಗ್ ಮೊಣಕೈ ಊರಿ ಎದ್ದೇಬಿಟ್ಟ. ಪಕ್ಕದ ಯಂತ್ರ ಕೀಂಕೀಂ ಅಂದಿತು. "ಹತ್ ವರ್ಷದ ಸ್ಪಂಜು ಕಣೇ ಅದು. ಕೈಯಲ್ಲೂ ಹಿಂಡ್ತಿರ್ಲಿಲ್ಲ ನಾನು. ಆ ಪೆದ್ದನ್ನ ಕರಿ ಇಲ್ಲಿ."

"ಅಂಕಲ್, ಮಲಗಿ. ಪ್ರೆಷರ್ ಏರ್ತಿದೆ," ಎಂದು ನರ್ಸ್ ಗದರಿದಳು. ಮಂಚ ತಳ್ಳಿಕೊಂಡು ಹೋಗುವಾಗಲೂ ಅವನು ಸ್ಪಂಜಿನ ಬಗ್ಗೆಯೇ ಏನೋ ಹೇಳುತ್ತಿದ್ದ. ತನ್ನ ಬದಲಿಗೆ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ, ತಿಳಿಯಲಿಲ್ಲ.

ಬಾಗಿಲು ಮುಚ್ಚಿಕೊಂಡಿತು. ಗ್ವಾತ್ ಈನ್ ಮಗಳ ಪಕ್ಕ ಬೆಂಚಿನ ಮೇಲೆ ಕೂತಳು. ಅಲ್ಲಿ ಕೂತ ಉಳಿದವರ ಹಾಗೆಯೇ ಅವಳ ಕೈಯಲ್ಲೂ ಏನೂ ಇರಲಿಲ್ಲ.

ಸಂಜೆ ಡಾಕ್ಟರು ಹೊರಗೆ ಬಂದು ಚೆನ್ನಾಗಾಯಿತು ಎಂದರು. ಆ ವಾರದ ಕೊನೆಗೆ ಆಂಗ್ ಒಂದು ಸಿಗಡಿ ಕಚ್ಚಿತು. ಎಡಗಡೆಯ ಕಿವಿರಿನ ಅಂಚು ಮಾತ್ರ ಮಡಚಿದ್ದು ಮಡಚಿದಂತೆಯೇ ಉಳಿಯಿತು.

ಖೂ ಪೇಕ್ ಕೆಲವು ದಿನ ಅತ್ತ ಸುಳಿಯಲಿಲ್ಲ. ತೇಕ್ ಸೆಂಗ್ ಮನೆಗೆ ಬಂದ ಸುದ್ದಿ ಹಬ್ಬಿದ ಮೇಲೆ ಒಂದು ಬೆಳಿಗ್ಗೆ ಬಂದು, ಏನೂ ಆಗದವನಂತೆ ತನ್ನ ಮೇಜಿನಲ್ಲಿ ಕೂತ. ಗ್ವಾತ್ ಈನ್ ಕಾಫಿ ತಂದಿಟ್ಟಳು, ಇಟ್ಟವಳು ಅಲ್ಲೇ ನಿಂತಳು.

"ಪೇಕ್, ಒಂದ್ ಮಾತ್ ಕೇಳ್ತೀನಿ. ಅವತ್ತು ಆಪರೇಷನ್ನಲ್ಲಿ ನನ್ ಗಂಡ ಉಳೀದೇ ಹೋಗಿದ್ರೆ ನನಗೇನ್ ಹೇಳ್ತಿದ್ರಿ?"

ಮುದುಕ ಚಮಚ ತಿರುಗಿಸಿದ. ಗಟ್ಟಿಹಾಲು ಪೂರ್ತಿ ಕರಗಿದ ಮೇಲೂ ತಿರುಗಿಸುತ್ತಲೇ ಇದ್ದ.

"ಏನೂ ಹೇಳ್ತಿರ್ಲಿಲ್ಲ," ಎಂದ ಕೊನೆಗೆ. "ನಿನ್ ಮುಖ ನೋಡಕ್ಕಾಗ್ದೆ ಬೇರೆ ಅಂಗ್ಡೀಗ್ ಹೋಗಿ ಕಾಫಿ ಕುಡೀತಿದ್ದೆ."

ಗ್ವಾತ್ ಈನ್ ಅವನ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಗಿರಾಕಿಯ ಮೇಜಿನಲ್ಲಿ ಅವಳು ಕೂತಿದ್ದನ್ನು ಆ ಅಂಗಡಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.