ಕಪ್ಪಿಲ್ಲದ ಬಸಿ, ಕಾಕಾನ ವಿ.ಪಿ.ಪಿ.

ನನ್ನ ಮೇಜಿನ ಮೇಲೆ ಒಂದು ಬಸಿ ಇದೆ; ಬಸಿ ಎಂದರೆ ನಮ್ಮ ಕಡೆ ಚಹಾದ ಕಪ್ಪಿನ ಕೆಳಗಿಡುವ ತಟ್ಟೆ. ಅಂಚಿಗೆ ಬಂಗಾರದ ಗೆರೆ, ನಡುವೆ ಗುಲಾಬಿ ಹೂ. ಅದರ ಮೇಲೆ ಕೂರಬೇಕಾದ ಕಪ್ಪು ಮಾತ್ರ ಇಲ್ಲ. ಮೊನ್ನೆ ಬ್ಯಾಂಕಿನವರು ಹೊಸದೊಂದು ಪ್ಲಾಸ್ಟಿಕ್ ಕಾರ್ಡು ಕಳಿಸಿ, ರೊಕ್ಕದ ಬದಲು ಇದನ್ನು ತೋರಿಸಿ ಬೇಕಾದ ಸಾಮಾನು ಕೊಳ್ಳಿರಿ, ಇಷ್ಟು ಸುರಕ್ಷಿತವಾದ ಉಪಾಯ ಇನ್ನೊಂದಿಲ್ಲ ಎಂದು ಬರೆದಿದ್ದರು. ಸುರಕ್ಷಿತ ಎಂಬ ಮಾತು ಓದಿದ್ದೇ ತಡ, ನನ್ನ ಕಣ್ಣು ಬಸಿಯ ಕಡೆ ಹೋಯಿತು, ನಗು ಉಕ್ಕಿಬಂತು. ಕೇಳ್ರಿ, ಯಾಕೆಂದು ಹೇಳುತ್ತೇನೆ.

ನಾನಿನ್ನೂ ಹುಡುಗನಾಗಿದ್ದಾಗ ನಾವು ನರೋಣಾ ಎಂಬ ಊರಿನಲ್ಲಿದ್ದೆವು. ಅಕ್ಕ ಮಹಾದೇವಿಗೆ ಗಂಡು ನೋಡುವ ಸಂಭ್ರಮ. ಮೊದಲು ಬಂದವರಿಗೆ ಸ್ಟೀಲಿನ ಗ್ಲಾಸಿನಲ್ಲಿ ಚಹಾ ಕೊಟ್ಟು, ಹುಡುಗನ ತಾಯಿಯ ಬೆರಳು ಚುರ್ ಎಂದು ಸುಟ್ಟು, ಚಹಾಕ್ಕಿಂತ ಮೊದಲು ಸಂಬಂಧವೇ ತಣ್ಣಗಾಗಿತ್ತು. ಈಗ ಜೇವರ್ಗಿಯವರು ಬರುವವರಿದ್ದರು. ಆ ಹುಡುಗನನ್ನು ಆಳಂದದ ಒಂದು ಮದುವೆಯಲ್ಲಿ ನೋಡಿದಂದಿನಿಂದ ಅಕ್ಕ ರೊಟ್ಟಿ ಬಡಿಯುವಾಗಲೂ ಒಬ್ಬಳೇ ನಗುತ್ತಿದ್ದಳು. ಈ ಸಂಬಂಧ ತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ಅವ್ವ, ವಾರಪತ್ರಿಕೆಯ ಜಾಹೀರಾತಿನಲ್ಲಿದ್ದ ಗುಲಾಬಿ ಹೂವಿನ ಕಪ್ಪು-ಬಸಿಯನ್ನೇ ತರಿಸಬೇಕೆಂದು ಹಟ ಹಿಡಿದಳು.

ತರಿಸುವುದೇನೋ ಸರಿ, ರೊಕ್ಕ ಕಳಿಸುವುದು ಹೇಗೆ? ನಮ್ಮ ಶರಣಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ಹಿಂದೊಮ್ಮೆ ದೂರದ ಯಾವುದೋ ಕಂಪನಿಗೆ ಮುಂಗಡ ಮನಿ ಆರ್ಡರ್ ಮಾಡಿ ರೇಡಿಯೋ ತರಿಸಿದ್ದ. ಬಂದದ್ದು ಬಣ್ಣದ ಕಾಗದದಲ್ಲಿ ಸುತ್ತಿದ ಇಟ್ಟಂಗಿ, ಅಂದರೆ ಇಟ್ಟಿಗೆ. ಊರ ಮಂದಿ ಅದಕ್ಕೆ ಕಿವಿಗೊಟ್ಟು, "ಶರಣಪ್ಪಾ, ವಾರ್ತೆ ಏನ್ ಅಂತಾವೋ?" ಎಂದು ಕೇಳಿ ಅವನ ಜೀವ ತಿಂದಿದ್ದರು. ಹೀಗಾಗಿ ಸುರಕ್ಷತೆಯ ವಿಷಯದಲ್ಲಿ ಅವನೇ ನಮ್ಮ ಮನೆಯ ಪಂಡಿತ.

"ವಿ.ಪಿ.ಪಿ. ಮಾಡ್ರಿ," ಎಂದ ಕಾಕಾ. "ಟಪಾಲಿನವರು ಪೈಲೇ ಮಾಲು ತರ್ತಾರ, ಆಮ್ಯಾಲ ರೊಕ್ಕ. ಮಾಲು ಕೈಗಿ ಬಂದಮ್ಯಾಲ ಮೋಸ ಹ್ಯಾಂಗ ಆಗ್ತದ?"

ಗಂಡಿನವರು ಬರುವ ದಿನ ಮುಂಜಾನೆಯೇ ಪೆಟ್ಟಿಗೆ ಬಂತು. ತಂದವರು ಟಪಾಲಿನ ಹುಸೇನಿ ಚಾಚಾ. ಕಾಕಾ ಒಡೆಯಲು ಕೈ ಹಾಕಿದರೆ ಚಾಚಾ ತಡೆದರು. "ರೊಕ್ಕ ಕೊಟ್ಟಮ್ಯಾಲ ಒಡೀಬೇಕ್ರಿ, ಸರ್ಕಾರಿ ಕಾನೂನು."

ಕಾಕಾನ ಮುಖ ಇಂಗು ತಿಂದ ಮಂಗನಂತಾಯಿತು. ಮಾಲು ಕೈಯಲ್ಲಿದೆ, ಆದರೆ ಮಾಲು ಏನೆಂದು ಗೊತ್ತಿಲ್ಲ! ಮೂಸಿ ನೋಡಿದ, ಹುಲ್ಲಿನ ವಾಸನೆ. ಕಿವಿಗೆ ಹಿಡಿದು ಮೆಲ್ಲಗೆ ಅಲುಗಾಡಿಸಿದ, ಸಪ್ಪಳವಿಲ್ಲ. "ಇಟ್ಟಂಗೀನೇ ಅದ! ಕಪ್ಪಿದ್ರ ಕಿಣಿಕಿಣಿ ಅನ್ನಬೇಕಿಲ್ಲ?" ಎನ್ನುತ್ತ ಜೋರಾಗಿ ಅಲುಗಾಡಿಸಿದ. ಆಮೇಲೆ ಧೋತರ ಎತ್ತಿ ಕಟ್ಟಿ, ಜೋಳ ಕೇರುವವರ ಹಾಗೆ ಮೇಲೆ ಕೆಳಗೆ ಕುಲುಕಿದ. ಅವ್ವ "ಅಯ್ಯ, ಸಾಕು ಬಿಡೋ" ಎಂದರೂ ಬಿಡಲಿಲ್ಲ. ಕಡೆಗೊಮ್ಮೆ ಒಳಗಿನಿಂದ ಕಿಣಿಕಿಣಿ ಕೇಳಿಸಿತು ನೋಡ್ರಿ, ಕಾಕಾ ಕುಣಿದುಬಿಟ್ಟ.

"ಬರೋಬ್ಬರಿ! ಕಪ್ಪೇ ಅದಾವ! ತಗೋರಿ ಚಾಚಾ ರೊಕ್ಕ!"

ಪೆಟ್ಟಿಗೆ ಒಡೆದೆವು. ಕಪ್ಪೇ ಇದ್ದವು, ಅಥವಾ ಸ್ವಲ್ಪ ಹೊತ್ತಿನ ಮುಂಚೆ ಇದ್ದವು. ಈಗ ಒಂದಕ್ಕೂ ತಳವಿರಲಿಲ್ಲ, ಹಿಡಿಕೆಗಳೆಲ್ಲ ಬೇರೆಯಾಗಿ ಹುಲ್ಲಿನಲ್ಲಿ ಬಿದ್ದಿದ್ದವು. ಕಾಗದದಲ್ಲಿ ಒತ್ತಿ ಕಟ್ಟಿದ್ದ ಆರು ಬಸಿಗಳು ಮಾತ್ರ ಕೂದಲೂ ಕೊಂಕದೆ ಉಳಿದಿದ್ದವು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ನನಗೂ ಅಳು ಬಂತು. ಕಾಕಾ ಕಂಬಕ್ಕೊರಗಿ, "ಆದ್ರ ಮೋಸ ಆಗಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಜೇವರ್ಗಿಯವರು ಬಂದೇಬಿಟ್ಟರು. ಮತ್ತೆ ಸ್ಟೀಲಿನ ಗ್ಲಾಸು ಮುಟ್ಟುವ ಧೈರ್ಯ ಅವ್ವನಿಗಿಲ್ಲ. ಅಕ್ಕ ಕಣ್ಣೊರೆಸಿಕೊಂಡು, ಆದದ್ದಾಗಲಿ ಎಂದು ಬಸಿಗಳಿಗೇ ಚಹಾ ಸುರಿದು, ಒಂದು ಹನಿ ತುಳುಕದಂತೆ ಅಗಲವಾದ ಪರಾತದಲ್ಲಿಟ್ಟು ತಂದಳು. ಹುಡುಗನ ತಾಯಿ ಬಸಿ ಎತ್ತಿ, ಫೂ ಎಂದು ಊದಿ, ಸೊರ್ ಎಂದು ಹೀರಿದರು.

"ನಾವು ಹ್ಯಾಂಗೂ ಬಸ್ಯಾಗ ಹಾಕ್ಕೊಂಡೇ ಕುಡಿಯೋ ಮಂದಿ," ಎಂದರು. "ಹುಡುಗಿ ಅದನ್ನ ತಿಳ್ಕೊಂಡು ಬಸ್ಯಾಗೇ ಹಾಕಿ ತಂದಾಳ. ಭಾಳ ಶಾಣ್ಯಾ ಅದಾಳ್ರಿ."

ಮುಂದಿನ ಮಾತು ಸುಸೂತ್ರವಾಯಿತು. ಅಕ್ಕ ಒಂದು ಬಸಿಯನ್ನು ನನಗೆ ಕೊಟ್ಟು, ಉಳಿದವನ್ನು ಸೀರೆಯಲ್ಲಿ ಸುತ್ತಿಕೊಂಡು ಜೇವರ್ಗಿಗೆ ಹೋದಳು. ಅಂದಿನಿಂದ ಕಾಕಾ, ಆ ಲಗ್ನ ತನ್ನಿಂದಲೇ ಆಯಿತೆಂದು ಕಂಡಕಂಡವರಿಗೆ ಹೇಳುತ್ತಾನೆ. ಅದು ಸುಳ್ಳೆಂದು ಹೇಳುವುದಕ್ಕೂ ಬರುವುದಿಲ್ಲ ನೋಡ್ರಿ! ನಾವು ಎಷ್ಟೋ ವಸ್ತುಗಳನ್ನು ಮೋಸವಾಗದಂತೆ ಕಾಯುವ ಭರದಲ್ಲಿ ಮುರಿದುಕೊಳ್ಳುತ್ತೇವೆ. ಹಾಗೆ ಮುರಿದರೂ ಬಾಳಿಗೆ ಬೇಕಾದದ್ದು ಒಮ್ಮೊಮ್ಮೆ ಹೇಗೋ ಉಳಿದುಬಿಡುತ್ತದೆ. ಎಲ್ಲ ಸಲವೂ ಉಳಿಯುತ್ತದೆಂದು ನಂಬಬೇಡಿ ಮತ್ತೆ.

ನಿನ್ನೆ ಕಾಕಾ ಬಂದಿದ್ದ. ಈ ಕಾರ್ಡಿನಿಂದ ರೊಕ್ಕ ಕೊಡುವುದು ಸುರಕ್ಷಿತವೋ ಅಲ್ಲವೋ ಹೇಳೆಂದು ಅವನ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿದ. ಮೂಸಿದ. ಕಿವಿಗೆ ಹಿಡಿದು ಅಲುಗಾಡಿಸಿದ.

"ತಮ್ಮಾ, ಇದರಾಗ ಏನೂ ಸಪ್ಪಳ ಇಲ್ಲಲೇ. ಇನ್ನಾ ಜೋರ್ ಅಲುಗಾಡಿಸ್ಲೇನು?"

ನಾನು ಕಾರ್ಡನ್ನು ಅವನ ಕೈಯಲ್ಲೇ ಬಿಟ್ಟು, ಬಸಿಯನ್ನು ಮಾತ್ರ ಎತ್ತಿಕೊಂಡು ಒಳಗೆ ಹೋದೆ.