ಖಾಜಾ ಚಾಚಾ ಒದರಿದ ಪಾಸ್‌ವರ್ಡ್

ಗೆಳೆಯರೇ, ರಾಯಚೂರಿನ ನಮ್ಮ ಹತ್ತಿ ದಲಾಲಿ ಅಂಗಡಿಯ ಗುಟ್ಟು ಇವತ್ತು ಇಡೀ ಬೀದಿಗೆ ಗೊತ್ತಾಯಿತು.

ಮಾನ್ವಿ, ದೇವದುರ್ಗದ ಶಾಖೆಯವರೂ ತಮ್ಮ ಮೊಬೈಲಿನಿಂದಲೇ ನಮ್ಮ ಆಫೀಸ್ ಫೋನ್ ಬಳಸುವ ಹಾಗೆ ಜೋಡಿಸಲು ಫೋನ್ ಕಂಪನಿಯ ಹುಡುಗಿ ಬಂದಿದ್ದಳು. "ಈ ಪಾಸ್‌ವರ್ಡ್ ಶಾಖೆಯವ್ರಿಗೆ ತಿಳಿಸ್ರಿ, ಹೊರಗಿನವರ ಕಿವಿಗೆ ಬೀಳಬಾರ್ದು ನೋಡ್ರಿ" ಎಂದು ನಮ್ಮ ಹಿರಿಯ ಗುಮಾಸ್ತ ಖಾಜಾ ಚಾಚಾಗೆ ಹೇಳಿದಳು.

ಚಾಚಾ ತಲೆಯಾಡಿಸಿ ಮಾನ್ವಿಗೆ ಫೋನ್ ಹಚ್ಚಿದರು. ಎದ್ದು ನಿಂತು, ಒಂದು ಕಿವಿ ಮುಚ್ಚಿಕೊಂಡು, ಅಕ್ಷರಕ್ಕೊಂದು ಊರಿನ ಹೆಸರು ಹಿಡಿದು ಕೂಗಿದರು: "ಬರ್ಕೊಳ್ರೀ! ಕೆ ಅಂದ್ರ ಕವಿತಾಳ! ಜಿ ಅಂದ್ರ ಗುಂಜಹಳ್ಳಿ! ವೈ ಅಂದ್ರ ಯರಗೇರಾ!"

"ಮೆಲ್ಲಕ ಹೇಳ್ರಿ ಚಾಚಾ!" ಹುಡುಗಿ ಗಾಬರಿಯಾದಳು.

"ಮಾನ್ವಿ ದೂರ ಅದ ಬೇಟಿ, ಮೆಲ್ಲಕಂದ್ರ ಮುಟ್ತದೇನು?"

ನನಗೆ ನಗು ಬರಲಿಲ್ಲ. ಟ್ರಂಕ್ ಕಾಲ್ ದಿನಗಳಲ್ಲಿ ಲೈನ್ ಸಿಕ್ಕರೆ ಚಾಚಾ ಹೀಗೇ ಕೂಗಬೇಕಿತ್ತು, ಇಡೀ ಅಂಗಡಿ ಉಸಿರು ಬಿಗಿಹಿಡಿಯುತ್ತಿತ್ತು. ಸದ್ದಾಗದಂತೆ ಫ್ಯಾನ್ ಬಂದ್ ಮಾಡುವುದು ನನ್ನ ಕೆಲಸವಾಗಿತ್ತು. ಇವತ್ತೂ ಚಾಚಾ ಎದ್ದು ನಿಂತದ್ದೇ ತಡ, ನನ್ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗಿತ್ತು.

ಹುಡುಗಿ ಪಾಸ್‌ವರ್ಡ್ ಬದಲಿಸಿ, ಈ ಸಲ ತಾನೇ ಎರಡೂ ಶಾಖೆಗೆ ಗುಟ್ಟಾಗಿ ತಿಳಿಸಿ ಹೋದಳು.

ಸಂಜೆ ಎದುರಿನ ಚಹಾದಂಗಡಿಯ ಮಲ್ಲಪ್ಪ ಕೇಳಿದ: "ಹೊಸಾದು ಇನ್ನೂ ಒದರ್ಲಿಲ್ಲಲ್ರೀ ಚಾಚಾ, ಲೈನ್ ಸಿಗ್ಲಿಲ್ಲೇನು?"